ಕಂಪು ಗುಡ್ಡೆಗೆ ಹೊಸ ಹೆಸರು

ಕಳೆದ ವಾರ ನಮ್ಮ ಬೀದಿಗೆ ಡಾಂಬರು ಹಾಕಿದರು. ಮೊಮ್ಮಗಳು ಮೂಗು ಮುಚ್ಚಿಕೊಂಡು ಒಳಗೆ ಓಡಿದಳು. ನಾನು ಗೇಟಿನ ಬಳಿ ನಿಂತು ಒಬ್ಬಳೇ ನಕ್ಕೆ. ಆ ವಾಸನೆ ನನ್ನನ್ನು ನೇರವಾಗಿ ಪುತ್ತಿಗೆ ಹತ್ತಿರದ ಗುಡ್ಡೆಗೆ, ನಮ್ಮ ನೆರೆಮನೆಯ ಅರ್ಜಿ ಮಾಷ್ಟ್ರ ಕಾಲಕ್ಕೆ ಕರೆದೊಯ್ದಿತ್ತು.

ಎರಡನೆಯ ಮಹಾಯುದ್ಧದ ದಿನಗಳಲ್ಲಿ ಆ ಗುಡ್ಡೆಯ ಮೇಲೆ ಮಿಲಿಟರಿ ಕ್ಯಾಂಪು ಇತ್ತಂತೆ. ಊರವರ ಬಾಯಲ್ಲಿ ಕ್ಯಾಂಪು ಹೋಗಿ ಕಂಪು ಆಯಿತು, ಜಾಗ ಕಂಪು ಗುಡ್ಡೆಯಾಯಿತು. ಸಿಪಾಯಿಗಳು ಬಿಟ್ಟುಹೋದದ್ದು ಡಾಂಬರು ಬಳಿದ ನಾಲ್ಕು ಉದ್ದದ ಶೆಡ್ಡುಗಳನ್ನು. ಒಳಗೆಲ್ಲ ಬಾವಲಿಗಳು. ಬಿಸಿಲೇರಿದರೆ ಅಲ್ಲಿ ನಿಲ್ಲಲಾಗದಷ್ಟು ನಾತ.

ಮಾಷ್ಟ್ರು ಶಾಲೆಯಿಂದ ನಿವೃತ್ತರಾದ ಮೇಲೆ ಜಗಲಿಯಲ್ಲಿ ಕುಳಿತು ಊರವರಿಗೆ ಅರ್ಜಿ ಬರೆದುಕೊಡುತ್ತಿದ್ದರು. ಆ ಶೆಡ್ಡುಗಳಲ್ಲಿ ಹೆರಿಗೆ ಆಸ್ಪತ್ರೆ ಆಗಬೇಕೆಂಬುದು ಅವರ ಹಟ. ಅವರ ಒಬ್ಬಳೇ ಮಗಳು ಹೆರಿಗೆ ನೋವಿನಲ್ಲಿ, ಮಂಗಳೂರಿನ ದಾರಿಯಲ್ಲಿ, ಎತ್ತಿನ ಗಾಡಿಯಲ್ಲೇ ತೀರಿಹೋಗಿದ್ದಳು. ನಾನು ಮದುವೆಯಾಗಿ ಆ ಊರಿಗೆ ಬರುವ ಮೊದಲಿನ ಮಾತು ಅದು. ಊರವರು ಅವಳನ್ನು ಅಮ್ಮಿ ಎನ್ನುತ್ತಿದ್ದರು. ಮಾಷ್ಟ್ರು ಮಾತ್ರ ಅವಳ ಸುದ್ದಿಯನ್ನೇ ಎತ್ತುತ್ತಿರಲಿಲ್ಲ... ಮಾಷ್ಟ್ರು ಆಸ್ಪತ್ರೆಗೆ ಅರ್ಜಿ ಹಾಕಿ ಕಾಯುತ್ತಿದ್ದಾಗ ನನಗೆ ಏಳು ತಿಂಗಳು, ಚೊಚ್ಚಲು. ಮಳೆಗಾಲದಲ್ಲಿ ಹೊಳೆ ತುಂಬಿದರೆ ನನ್ನ ಗತಿ ಏನೆಂದು ಒಳಗೊಳಗೇ ಹೆದರುತ್ತಿದ್ದೆ.

ಕೊನೆಗೂ ಸರ್ಕಾರದ ಪತ್ರ ಬಂತು. ಖರ್ಚಿನಲ್ಲಿ ಅರ್ಧ ಸರ್ಕಾರದ್ದು, ಉಳಿದರ್ಧ ಊರಿನದು. ಊರಿನ ಪಾಲನ್ನು ಕಲ್ಲು, ಮರ, ಮೈದುಡಿಮೆಯಾಗಿಯೂ ಕೊಡಬಹುದು! ಆ ಸಂಭ್ರಮವನ್ನು ಏನೆಂದು ಹೇಳಲಿ? ಊರಿನ ಜಮೀನ್ದಾರರಾದ ಗುತ್ತಿನ ಮನೆಯವರ ಗಾಡಿ, ಮುಸ್ಲಿಂ ವ್ಯಾಪಾರಿಗಳಾದ ಬ್ಯಾರಿಗಳ ಗಾಡಿ ಒಂದರ ಹಿಂದೆ ಒಂದು ಕಟ್ಟಡದ ಕೆಂಪು ಮುರಕಲ್ಲು ಹೊತ್ತು ಗುಡ್ಡೆ ಏರಿದವು. ಹೆಂಗಸರು ಸೆರಗು ಸಿಕ್ಕಿಸಿ ಶೆಡ್ಡು ಗುಡಿಸಲು ನಿಂತರು.

ಆಗಲೇ ಎರಡನೆಯ ಪತ್ರ. ‘ಪರಿಮಳ ಗುಡ್ಡೆ’ ಎಂಬ ಸ್ಥಳ ದಾಖಲೆಯಲ್ಲಿ ಕಾಣುವುದಿಲ್ಲ, ಸೋಮವಾರ ಅಧಿಕಾರಿಗಳೇ ಬಂದು ನೋಡುತ್ತಾರೆ, ಅಂಥ ಊರಿಲ್ಲದಿದ್ದರೆ ಮಂಜೂರಾದ ಹಣ ವಾಪಸು.

ಪರಿಮಳ ಗುಡ್ಡೆ? ನಾವು ಆಗಷ್ಟೇ ಮದ್ರಾಸು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ್ದೆವು. ಇನ್ನು ಸರ್ಕಾರಕ್ಕೆ ಕನ್ನಡದಲ್ಲೇ ಬರೆಯಬಹುದೆಂಬ ಹುರುಪಿನಲ್ಲಿ ಮಾಷ್ಟ್ರು ಅರ್ಜಿಯಲ್ಲಿ ಕಂಪನ್ನು ಪರಿಮಳ ಎಂದು ತಿದ್ದಿಬಿಟ್ಟಿದ್ದರು! ಪತ್ರ ಹಿಡಿದು ನಮ್ಮ ಜಗಲಿಯಲ್ಲಿ ಕುಸಿದು ಕುಳಿತರು.

“ಎಲ್ಲ ನನ್ನ ಕನ್ನಡದ ಕೊಬ್ಬು, ಮಾರಾಯ್ತಿ. ಈ ಫೈಲು ತಿದ್ದಿ ಬರುವಾಗ ಮಳೆಗಾಲ ಮುಗಿದಿರ್ತದೆ.”

“ಫೈಲು ಯಾಕೆ ತಿದ್ದುವುದು ಮಾಷ್ಟ್ರೇ? ಗುಡ್ಡೆಯ ಹೆಸರನ್ನೇ ತಿದ್ದುವ” ಎಂದೆ.

ಅವರು ನನ್ನನ್ನೇ ನೋಡಿದರು. ಮರುಕ್ಷಣ ಕೊಡೆಯನ್ನೂ ಮರೆತು ಅಂಗಳ ದಾಟಿ ಓಡಿದರು.

ಮೂರು ದಿನ ಊರಿಗೆ ಅದೊಂದೇ ಕೆಲಸ. ಗುಡ್ಡೆ ಬುಡದ ಬ್ಯಾರಿ ಅಂಗಡಿಯವರು ತಗಡಿನ ಮೇಲೆ ಡಾಂಬರಿನಲ್ಲಿ ಹೊಸ ಹೆಸರು ಬರೆದು ತೂಗುಹಾಕಿದರು. ಬಸ್ಸಿನ ಕಂಡಕ್ಟರನಿಗೆ ಹೊಸ ಹೆಸರಿನ ಪಾಠವಾಯಿತು. ತಪ್ಪಿ ಕಂಪು ಎಂದವರಿಗೆ ಮನೆಯ ಮಕ್ಕಳಿಂದಲೇ ಬೈಗುಳ.

ಸೋಮವಾರ ಕಂಡಕ್ಟರ್ “ಯಾರ್ರೀ ಪರಿಮಳ ಗುಡ್ಡೆ?” ಎಂದು ಗಂಟಲು ಹರಿಯುವಂತೆ ಕೂಗಿದಾಗ ಮೈಸೂರಿನ ಕಡೆಯ ಅಧಿಕಾರಿ ಕೆಳಗಿಳಿದರು. ಬೋರ್ಡು ನೋಡಿದರು. ಅಲ್ಲೇ ತರಗೆಲೆ ಗುಡಿಸುತ್ತಿದ್ದ ಅಜ್ಜಿಯನ್ನು ಈ ಜಾಗದ ಹೆಸರೇನೆಂದು ಕೇಳಿದರು. ನಾವೆಲ್ಲ ಅಜ್ಜಿಯ ಬಾಯನ್ನೇ ನೋಡಿದೆವು.

“ಪರಿಮಳ ಗುಡ್ಡೆ, ಸ್ವಾಮೀ... ಮುರಾನಿಡ್ದ್” ಎಂದಳು ಅಜ್ಜಿ, ತುಳುವಿನಲ್ಲಿ. ಮೊನ್ನೆಯಿಂದ ಎಂದರ್ಥ.

“ಏನಂತಾರೆ?”

“ಹಿಂದಿನಿಂದಲೂ ಅದೇ ಹೆಸರು ಅಂತ ಹೇಳ್ತಾರೆ, ಸರ್” ಎಂದರು ಮಾಷ್ಟ್ರು, ಮುಖದ ಒಂದು ಗೆರೆಯೂ ಅಲುಗದಂತೆ.

ಅಧಿಕಾರಿ ಶೆಡ್ಡಿನ ಬಾಗಿಲಲ್ಲಿ ಮೂಗಿಗೆ ಕರವಸ್ತ್ರ ಹಿಡಿದರು. “ಪರಿಮಳ ಜೋರಾಗೇ ಇದೆ ಕಣ್ರೀ” ಎಂದರು. ಆಮೇಲೆ ಕಲ್ಲಿನ ರಾಶಿಯನ್ನೂ ನನ್ನ ಹೊಟ್ಟೆಯನ್ನೂ ನೋಡಿ, ಅದೇ ರಾಶಿಯ ಮೇಲೆ ಕಾಗದವಿಟ್ಟು ಸಹಿ ಹಾಕಿದರು. ಅವರಿಗೆ ಎಲ್ಲವೂ ಗೊತ್ತಾಗಿತ್ತೆಂದೇ ನನ್ನ ನಂಬಿಕೆ.

ಮಳೆ ಹಿಡಿದ ವಾರವೇ ಮೊದಲ ಶೆಡ್ಡಿನಲ್ಲಿ ನನ್ನ ಮಗಳು ಹುಟ್ಟಿದಳು. ಹೊರಗೆ ಮಾಷ್ಟ್ರು ನೆನೆಯುತ್ತ ನಿಂತಿದ್ದರಂತೆ, ಅವಳ ಅಳು ಕೇಳಿದ ಮೇಲೆಯೇ ಮನೆಗೆ ಹೋದರಂತೆ.

ಎಷ್ಟೋ ವರ್ಷದ ಮೇಲೆ ಮಾಷ್ಟ್ರು ತೀರಿಕೊಂಡರು. ಉತ್ತರಕ್ರಿಯೆಯ ದಿನ ಅವರ ಹೆಂಡತಿ ಪೆಟ್ಟಿಗೆಯಿಂದ ಒಂದು ಹಳೆಯ ಶಾಲಾ ಪುಸ್ತಕ ತೆಗೆದು ನನ್ನ ಕೈಗಿತ್ತರು. ಅಮ್ಮಿಯದು. ಮೊದಲ ಪುಟದಲ್ಲಿ ಮಾಷ್ಟ್ರ ದುಂಡಗಿನ ಅಕ್ಷರದಲ್ಲಿ ಶಾಲೆಯಲ್ಲಿ ಅವಳಿಗಿದ್ದ ಹೆಸರು ಇತ್ತು... ಪರಿಮಳ.

ಕನ್ನಡದ ಕೊಬ್ಬು ಎಂದಿದ್ದರಲ್ಲ, ಮಾಷ್ಟ್ರು!

ಈಗ ಆ ಶೆಡ್ಡುಗಳಿಲ್ಲ, ದೊಡ್ಡ ಆಸ್ಪತ್ರೆ ಉಂಟು. ಅದಕ್ಕೆ ಬೇರೆ ಯಾರದೋ ಹೆಸರು. ಆದರೆ ಬಸ್ಸು ನಿಂತಾಗ ಕಂಡಕ್ಟರ್ ಈಗಲೂ “ಪರಿಮಳ, ಪರಿಮಳ” ಎಂದು ಕೂಗುತ್ತಾನೆ. ಆ ಕೂಗು ಕೇಳಿದಾಗಲೆಲ್ಲ ಮಾಷ್ಟ್ರು ಇರಬೇಕಿತ್ತು ಅನ್ನಿಸುತ್ತದೆ.