ಡೈರಿಯ ಕುರ್ಚಿ ಬಿಡದ ಯಶೋದಮ್ಮ

ಪಾಲಹಳ್ಳಿಯ ಹಾಲಿನ ಡೈರಿಯಲ್ಲಿ ಯಶೋದಮ್ಮ ಹದಿನೆಂಟು ವರ್ಷದಿಂದ ಟೆಸ್ಟರ್. ಹಾಲಿಗೆ ಒಂದು ಲೋಟ ನೀರು ಬೆರೆಸಿದ್ದರೂ ಸಾಕು, ಅವಳ ಕೈಗೆ ಸಿಕ್ಕಿಬೀಳುತ್ತಿತ್ತು. ಬೈದರೆ ಬೈಸಿಕೊಳ್ಳುತ್ತಿದ್ದಳು, ಹಾಲನ್ನು ಮಾತ್ರ ವಾಪಸ್ ಕಳಿಸುತ್ತಿದ್ದಳು.

ಅಂಥವಳು ತನ್ನ ಮೂತ್ರದಲ್ಲಿ ಕೆಂಪು ಕಂಡಾಗ ಪರೀಕ್ಷೆ ಮಾಡಿಸಲಿಲ್ಲ. ಇಂಥದ್ದನ್ನು ಯಾರ ಮುಂದೆ ಹೇಳುವುದು? ವಾರಗಿತ್ತಿ ಜಯಲಕ್ಷ್ಮಮ್ಮನ ಕಿವಿಗೆ ಹಾಕಿದ್ದಷ್ಟೇ.

"ಉಷ್ಣ ಕಣಮ್ಮಿ. ಒಕ್ಕಳಿಗೆ ಅರಳೆಣ್ಣೆ ಅಚ್ಕಂಡು ಮನಿಕ್ಕೊ," ಎಂದಳು ಅವಳು.

ಈ ಸೀಮೆಯಲ್ಲಿ ಕಣ್ಣುರಿದರೂ ಉಷ್ಣ, ಬಾಯಿ ಹುಣ್ಣಾದರೂ ಉಷ್ಣ, ರಕ್ತ ಹೋದರೂ ಉಷ್ಣವೇ! ಎಂಟು ತಿಂಗಳು ಹರಳೆಣ್ಣೆ, ಎಳನೀರು, ಬಾರ್ಲಿ ಗಂಜಿ ನಡೆಯಿತು. ನಡುವೆ ಒಮ್ಮೆ ಹೋಗಿದ್ದ ಕ್ಲಿನಿಕ್ಕಿನ ಡಾಕ್ಟರು ಮಲಗಿಸಿ ನೋಡುವ ಗೋಜಿಗೂ ಹೋಗಲಿಲ್ಲ. ಈ ವಯಸ್ಸಿನ ಹೆಂಗಸರಿಗೆ ಇದೆಲ್ಲ ಮಾಮೂಲಿ ಎಂದು ಮಾತ್ರೆ ಬರೆದುಕೊಟ್ಟ. ಮಾಮೂಲಿಯಂತೆ, ಅವನ ತಲೆ!

ಮೈಸೂರಿನ ದೊಡ್ಡಾಸ್ಪತ್ರೆಗೆ ಹೋಗುವಷ್ಟರಲ್ಲಿ ಮೂತ್ರಕೋಶದ ಗೋಡೆಯೆಲ್ಲ ಕ್ಯಾನ್ಸರು ಹಿಡಿದಿತ್ತು. ಅದೂ ವಿರಳ ಜಾತಿಯದು. ಈ ರೋಗ ಬಂದ ನೂರು ಜನರಲ್ಲಿ ಇಬ್ಬರಿಗೋ ಮೂವರಿಗೋ ಇರುವಂಥದ್ದು, ಔಷಧಿಗೆ ಬಗ್ಗುವುದಿಲ್ಲ ಎಂದರು. ಮೂತ್ರಕೋಶವನ್ನೇ ತೆಗೆದುಹಾಕಿ, ಹೊಟ್ಟೆಯ ಬಲಗಡೆ ದಾರಿ ಮಾಡಿ, ಮೂತ್ರ ಇಳಿಯಲು ಒಂದು ಚೀಲ ಅಂಟಿಸಿದರು. ಮೂರು ತಿಂಗಳಿಗೊಮ್ಮೆ ಸ್ಕ್ಯಾನು. ಮತ್ತೆ ಬರುವುದಿಲ್ಲವೆಂದು ಯಾರೂ ಬರೆದುಕೊಡಲಿಲ್ಲ.

ಆಪರೇಷನ್ ಆದ ಐದನೇ ತಿಂಗಳಿಗೆ ಯಶೋದಮ್ಮ ಬೆಳಗಿನ ಹಾಲಿನ ಹೊತ್ತಿಗೆ ಡೈರಿಗೆ ಬಂದಳು. ಅವಳ ಕುರ್ಚಿಯಲ್ಲಿ ಅಧ್ಯಕ್ಷ ಮರಿಸ್ವಾಮಿಯ ಸೊಸೆ ರಂಜಿತ ಕೂತಿದ್ದಳು.

"ಯಶೋದಕ್ಕ, ನಿಂಗ್ಯಾಕೆ ಈ ಕಷ್ಟ? ಮನೇಲಿ ಸುಮ್ನೆ ಇರು," ಎಂದ ಮರಿಸ್ವಾಮಿ. ಆಮೇಲೆ ದನಿ ಇಳಿಸಿ, "ಜನ ಒಂದು ಮಾತಾಡ್ತಾವ್ರೆ. ಅದ ಕಟ್ಕಂಡು ಹಾಲು ಮುಟ್ಟುದ್ರೆ ಮೈಲ್ಗೆ ಅಂತ..." ಎಂದು ಎಳೆದ.

"ಯಾವ ಜನ? ಕರಿ."

ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದವರೆಲ್ಲ ನೆಲ ನೋಡಿದರು. ಇಪ್ಪತ್ತು ಜನ, ಒಂದೇ ಒಂದು ಬಾಯಿ ಇಲ್ಲ. ಹಿಂದೆ ಆಡಿಕೊಳ್ಳುವಾಗ ಮಾತ್ರ ಎಲ್ಲರಿಗೂ ನಾಲಿಗೆ ಇರುತ್ತದೆ! ಯಶೋದಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಸೆರಗು ಸರಿಸಿ, ಸೊಂಟದ ಸೀರೆಯನ್ನು ಒಂದಿಷ್ಟು ಕೆಳಗೆ ಜಗ್ಗಿ, ಚೀಲ ಕಾಣುವಂತೆ ನಿಂತಳು. ಗಂಡಸರು ಮುಖ ತಿರುಗಿಸಿದರು.

"ಯಾಕ್ರೋ ತಿರುಗ್ತೀರಾ? ನೋಡ್ಕಳಿ. ನಾಚ್ಕೆ ಅಂತ ಎಂಟ್ ತಿಂಗ್ಳು ಮುಚ್ಚಿಟ್ಕಂಡೇ ಇದ್ನ ತಂದ್ಕಂಡೆ. ಇನ್ಮೇಲೆ ಮುಚ್ಚಲ್ಲ. ನಿಮ್ ಹೊಟ್ಟೆ ಒಳಗೂ ಇದೇ ಉಚ್ಚೆ ಅದೆ, ನಂದು ಹೊರಗದೆ. ಕೈ ಸೋಪಾಕಿ ತೊಳ್ಕಂಡೇ ಬಂದಿವ್ನಿ. ನಿಮ್ಮಲ್ಲಿ ಎಷ್ಟ್ ಜನ ತೊಳ್ಕಂಡ್ ಹಾಲ್ ಕರೆದ್ರಿ, ಹೇಳಿ!"

ರಂಜಿತ ಮಾವನ ಮುಖವನ್ನೂ ನೋಡದೆ ಎದ್ದು ಕುರ್ಚಿ ಬಿಟ್ಟಳು. ಅವಳಿಗೂ ಬೇಕಾಗಿರಲಿಲ್ಲವೇನೋ. ಮರಿಸ್ವಾಮಿ ಫೋನು ಬಂದವನಂತೆ ಆಚೆ ನಡೆದ.

ಯಶೋದಮ್ಮ ಕೂತಳು. ಆದರೂ ಸಾಲು ಅಲುಗಲಿಲ್ಲ. ಅವಳು ಕೂತರೇನು ಬಂತು, ಹಾಲೇ ಬಾರದಿದ್ದರೆ? ಆಗ ಹಿಂದಿನಿಂದ ಜನರನ್ನು ತಳ್ಳಿಕೊಂಡು ಜಯಲಕ್ಷ್ಮಮ್ಮ ಮುಂದೆ ಬಂದಳು. ಕಣ್ಣು ತುಂಬಿತ್ತು. ತನ್ನ ಕ್ಯಾನನ್ನು ಮೇಜಿನ ಮೇಲೆ ಕುಕ್ಕಿ, ಊರಿಗೆಲ್ಲ ಕೇಳುವಂತೆ, "ತಕ್ಕೊ ಕಣಮ್ಮಿ, ಮೊದ್ಲು ನಂದೇ ಅಳಿ," ಎಂದಳು.

ಯಶೋದಮ್ಮ ಹಾಲನ್ನು ಸೌಟಿನಲ್ಲಿ ಕಲಕಿ, ಜಾಡಿಗೆ ಸುರಿದು, ಲ್ಯಾಕ್ಟೋಮೀಟರ್ ಬಿಟ್ಟಳು. ಕಡ್ಡಿ ನಿಲ್ಲಬೇಕಾದ ಕಡೆ ನಿಲ್ಲದೆ ಕೆಳಗಿಳಿಯಿತು. ಇನ್ನೊಮ್ಮೆ ಬಿಟ್ಟಳು. ಮತ್ತೆ ಇಳಿಯಿತು. ಅವಳು ತಲೆ ಎತ್ತಿ ವಾರಗಿತ್ತಿಯನ್ನು ನೋಡಿದಳು. ಊರೆಲ್ಲ ಸುಮ್ಮನಿದ್ದಾಗ ಮುಂದೆ ಬಂದವಳು ಇವಳೊಬ್ಬಳೇ.

"ನೀರು ಸೇರ್ಸಿದ್ದೀಯ ಕಣಕ್ಕ," ಎಂದಳು ಯಶೋದಮ್ಮ, ಕ್ಯಾನನ್ನು ವಾಪಸ್ ತಳ್ಳುತ್ತ. "ತಗಂಡೋಗು. ಮುಂದ್ಲೋರು ಬನ್ನಿ."