ಕಚ್ಚುವವರ ಬೀರು

ಹದಿನೆಂಟು ವರ್ಷ ಚಪ್ಪಲಿ ಅಂಗಡಿಯನ್ನೂ ಗೋದಾಮನ್ನೂ ನಡೆಸಿದವಳಿಗೆ, ಮಕ್ಕಳಿಗೆ ಆಟಿಕೆ ಎರವಲು ಕೊಡುವ ಸೇವಾಸಂಸ್ಥೆಯ ಚುಕ್ಕಾಣಿ ಯಾವ ದೊಡ್ಡ ವಿಷಯ? ಹಳೆಯ ಕಾರ್ಯದರ್ಶಿ ಮಂಡಿನೋವಿನಿಂದ ಮನೆ ಸೇರಿದ ಮೇಲೆ ಸಮಿತಿಯವರು ಅವಳನ್ನು ಕರೆತಂದದ್ದೇ ಆ ಧೈರ್ಯದಿಂದ. ಅಲ್ಲಿ ಸಂಬಳವಿಲ್ಲದೆ ದುಡಿಯುವವರು ನಾಲ್ವರು ಅಜ್ಜಿಯರು. ಮಾತೆತ್ತಿದರೆ ನಂಬರ್ ಕೇಳುವ ಅವಳಿಗೆ ವಾರದೊಳಗೆ ‘ನಂಬರ್ ಮೇಡಂ’ ಎಂದು ಹೆಸರಿಟ್ಟುಬಿಟ್ಟರು.

ಬೀರುಗಳನ್ನು ಕಂಡು ಮೇಡಂ ತಲೆ ಗಿರ್ರೆಂದಿತ್ತು. ಒಂದರ ಮೇಲೆ ‘ಕಚ್ಚುವವರು’, ಇನ್ನೊಂದರ ಮೇಲೆ ‘ಅಳುಮುಂಜಿಗಳು’, ಮಗದೊಂದರ ಮೇಲೆ ‘ಎಸೆಯುವವರು’, ಮತ್ತೊಂದರ ಮೇಲೆ ‘ಅಮ್ಮನನ್ನು ಬಿಡದವರು’. ರಜೆಯ ದಿನ ಒಬ್ಬಳೇ ಬಂದು, ಬೆವರು ಸುರಿಸಿ, ಎಲ್ಲವನ್ನೂ ವಯಸ್ಸಿನ ಪ್ರಕಾರ ಜೋಡಿಸಿ, ಚಪ್ಪಲಿ ಡಬ್ಬಕ್ಕೆ ಅಂಟಿಸಿದ ಹಾಗೆ ವಯಸ್ಸಿನ ನಂಬರಿನ ಸ್ಟಿಕ್ಕರ್ ಅಂಟಿಸಿದಳು.

ಮರುದಿನ ಅಜ್ಜಿಯರು ಬಂದರು, ನೋಡಿದರು, ಏಪ್ರನ್ ಮಡಚಿಟ್ಟು ಹೋದರು. ಜಗಳವಾಡಿದ್ದರೆ ಎಷ್ಟೋ ವಾಸಿಯಿತ್ತು.

ಆ ವಾರ ತಾಯಂದಿರ ಸಾಲಿನೆದುರು ಅವಳೊಬ್ಬಳೇ. ಎರಡು ವರ್ಷದ ಪೋರನಿಗೆ ನಂಬರ್ ನೋಡಿ ಮರದ ರೈಲು ಕೊಟ್ಟಳು. ಅದು ಹಲ್ಲಿನ ಗುರುತು ಹೊತ್ತು, ಬಣ್ಣ ಕಿತ್ತು ವಾಪಸು ಬಂತು. ಬಣ್ಣ ಹೊಟ್ಟೆಗೆ ಹೋಗಿದ್ದರೆ? ಪಾಪ, ಆ ತಾಯಿ ಮಗುವಿನ ಬಾಯಿ ಬಿಡಿಸಿ ಬಿಡಿಸಿ ತೋರಿಸಿದಳು. ಕಚ್ಚುವವರ ಬೀರಿನಲ್ಲಿ ಬಣ್ಣ ಬಳಿದ ಆಟಿಕೆ ಒಂದೂ ಇರಲಿಲ್ಲವೆಂಬುದು ಮೇಡಂಗೆ ಆಗ ನೆನಪಾಯಿತು. ಅಜ್ಜಿಯರು ಬಾರದಿದ್ದರೆ ತಿಂಗಳೊಳಗೆ ಬಾಗಿಲು ಮುಚ್ಚುವುದೇ ಸರಿ ಎಂಬುದೂ ಖಾತ್ರಿಯಾಯಿತು.

ಸಂಜೆಯೇ ಹಿರಿಯಜ್ಜಿಯ ಮನೆ ಮೆಟ್ಟಿಲು ಹತ್ತಿದಳು. ಅಜ್ಜಿ ಬಟ್ಟೆ ಮಡಚುತ್ತಿದ್ದರು. ಕೂರು ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ.

“ಕೇಳದೆ ಕೈ ಹಾಕ್ಬಿಟ್ಟೆ ಅಮ್ಮ. ತಪ್ಪಾಯ್ತು.”

“ಚಪ್ಪಲಿ ಕೊಡೋವಾಗ ಕಾಲು ನೋಡ್ತಿದ್ದೆ ತಾನೆ?”

“ನೋಡ್ತಿದ್ದೆ.”

“ಮಕ್ಕಳನ್ನ ಯಾಕಮ್ಮ ನೋಡ್ಲಿಲ್ಲ?”

ಮೇಡಂ ತಾನೂ ಒಂದು ಟವೆಲ್ ಮಡಚಿಟ್ಟಳು. ಅಜ್ಜಿ ಅದನ್ನು ಬಿಚ್ಚಿ ತಮ್ಮ ರೀತಿಯಲ್ಲಿ ಮಡಚಿದರು. ಆಮೇಲೆ ಷರತ್ತು ಹೊರಬಿತ್ತು: ಬೀರುಗಳು ಮೊದಲಿನ ಹಾಗೇ ಇರಬೇಕು. ಮಗು ನುಂಗಬಹುದಾದ ಚೂರುಪಾರು ಇರುವ ಡಬ್ಬಗಳ ಮೇಲೆ ಮಾತ್ರ ವಯಸ್ಸಿನ ಸ್ಟಿಕ್ಕರ್ ಉಳಿಯಲಿ. ಆ ಬುದ್ಧಿ ತಮಗ್ಯಾರಿಗೂ ಇಷ್ಟು ವರ್ಷ ಹೊಳೆದಿರಲಿಲ್ಲ ಎಂದು ಅಜ್ಜಿಯೇ ಒಪ್ಪಿದರು. ಕೊನೆಯ ಷರತ್ತು: ಮೇಡಂ ಒಂದು ತಿಂಗಳು ಕೌಂಟರಿನಲ್ಲಿ ಕೂತು ಮಕ್ಕಳನ್ನು ನೋಡಬೇಕು, ಆಟಿಕೆ ಮುಟ್ಟಬಾರದು.

ಸೋಮವಾರ ನಾಲ್ವರೂ ಏಪ್ರನ್ ತೊಟ್ಟು ನಿಂತರು. ಮೊದಲ ತಾಯಿ ಮಗುವನ್ನು ಎತ್ತಿಕೊಂಡು ಬಂದಳು. ವಯಸ್ಸೆಷ್ಟು ಎಂದು ಕೇಳಲು ಮೇಡಂ ಬಾಯಿ ತೆರೆದಳು. ಹಿಂದೆ ಯಾರೋ ಕೆಮ್ಮಿದರು. ಬಾಯಿ ಮುಚ್ಚಿ, ಮುಂದೆ ಬಾಗಿ, ಮಗುವಿನ ಮುಖವನ್ನೇ ನೋಡಿದಳು. ಅದು ಅವಳ ಕನ್ನಡಕ ಕಿತ್ತು ಮೂಲೆಗೆ ಬೀಸಿತು.

“ಅಮ್ಮ, ಎಸೆಯೋರ ಬೀರಿಂದ ಮೆತ್ತಗಿರೋದು ಒಂದು ಕೊಡಿ,” ಎಂದಳು ಮೇಡಂ, ಕನ್ನಡಕಕ್ಕಾಗಿ ನೆಲ ತಡವುತ್ತ.