ಕಾಶೀರಾಮ ಕೆಂಪು ಕಾರು ಓಡಿಸಿದ್ದು

ಖಟಕ ಚಿಂಚೋಳಿಯ ಕಾಶೀರಾಮನ ಜೀಪು ಹತ್ತಿ ಬೇಗ ಊರು ಮುಟ್ಟಿದವರು ಯಾರೂ ಇಲ್ಲ. ಊರು ಮುಟ್ಟದೆ ಉಳಿದವರೂ ಯಾರೂ ಇಲ್ಲ. ಈ ಎರಡನೆಯ ಮಾತನ್ನು ಅವನು ಎದೆಯುಬ್ಬಿಸಿ ಹೇಳುತ್ತಿದ್ದ, ಮೊದಲನೆಯದನ್ನು ಉಳಿದ ಡ್ರೈವರುಗಳು ಹೇಳುತ್ತಿದ್ದರು. ಚಿಂಚೋಳಿಯಿಂದ ಭಾಲ್ಕಿಗೆ, ಭಾಲ್ಕಿಯಿಂದ ಚಿಂಚೋಳಿಗೆ ಸೀಟು ತುಂಬಿಕೊಂಡು ಓಡಾಡುವುದರಲ್ಲೇ ಅವನ ತಲೆಗೂದಲು ಬೆಳ್ಳಗಾಯಿತು. ದಿನ ತುಂಬಿದ ಬಸುರಿ ದವಾಖಾನೆಗೆ ಹೋಗಬೇಕಾದರೆ, ಮೊಸರಿನ ಗಡಿಗೆ ಪೇಟೆಗೆ ಹೋಗಬೇಕಾದರೆ, ಜನ ಬಸ್ಸು ಬಿಟ್ಟು ಅವನಿಗಾಗಿ ಕಾಯುತ್ತಿದ್ದರು. ಹಿಂದಿನಿಂದ ಬಂದ ಟ್ರ್ಯಾಕ್ಟರು ಅವನ ಜೀಪನ್ನು ದಾಟಿ ಹೋದರೂ ಅವನಿಗೆ ಸಿಟ್ಟಿಲ್ಲ. "ಹೋಗಲಿ ಬಿಡ್ರಿ, ಅವಂಗ ಮನ್ಯಾಗ ಹಾದಿ ಕಾಯೋರಿಲ್ಲ ಕಾಣಸ್ತದ" ಎಂದು ನಗುತ್ತಿದ್ದ.

ಅವನಿಗೆ ಸ್ಟೇರಿಂಗ್ ಹಿಡಿಯಲು ಕಲಿಸಿದವರು ಬೀದರಿನ ಖಾಸಿಂ ಅಲಿ ಉಸ್ತಾದರು. ಆ ಕಾಲದ ಜೀಪಿನಲ್ಲಿ ಗೇರಿನ ಪಕ್ಕ ಇನ್ನೊಂದು ಗಿಡ್ಡ ಹಿಡಿಕೆ ಇರುತ್ತಿತ್ತು. ಅದನ್ನೆಳೆದರೆ ಹಿಂದಿನ ಗಾಲಿಗಳ ಜೊತೆ ಮುಂದಿನವೂ ಎಳೆಯುತ್ತಿದ್ದವು. ಮಳೆಗಾಲದ ಎರೆಮಣ್ಣಿನ ರಾಡಿಯಲ್ಲಿ ಗಾಡಿ ಹೂತರೆ ಮಾತ್ರ ಅದಕ್ಕೆ ಕೈ ಹಚ್ಚಬೇಕು. ಒಣ ಡಾಂಬರಿನ ಮೇಲೆ ನಾಲ್ಕೂ ಗಾಲಿ ಎಳೆಸಿದರೆ ಟೈರು ತಿಂದುಹೋಗುತ್ತದೆ, ಗೇರಿನ ಹಲ್ಲು ಮುರಿಯುತ್ತದೆ. ಹುಡುಗ ಕಾಶೀರಾಮ ಒಮ್ಮೆ ಮರೆತು ಬೀದರಿನ ತನಕ ಹಾಗೇ ಓಡಿಸಿಕೊಂಡು ಬಂದಿದ್ದ. ಉಸ್ತಾದರ ಕೈ ಅವನ ಬೆನ್ನ ಮೇಲೆ ಎಷ್ಟು ಜೋರಾಗಿ ಬಿತ್ತೆಂದರೆ, ಆ ಪಾಠವನ್ನು ಅವನು ಜನ್ಮಪೂರ್ತಿ ಮರೆಯಲಿಲ್ಲ.

ಎರಡು ಸಾವಿರದ ಹದಿನಾರರ ಬೇಸಿಗೆ ಬಂತು. ಅದಕ್ಕೆ ಮೊದಲೇ ಎರಡು ವರ್ಷ ಮಳೆ ಕೈಕೊಟ್ಟಿತ್ತು. ಬಾವಿಗಳು ತಳ ಕಂಡವು, ಕಾರಂಜಾ ಜಲಾಶಯದ ನೀರು ಹಿಂದೆ ಸರಿದು ಮಣ್ಣು ಬಿರಿಯಿತು. ಜನ ಗಂಟುಮೂಟೆ ಕಟ್ಟಿ ಹೈದರಾಬಾದಿಗೆ, ಪುಣೆಗೆ ಹೊರಟರು. ಅವರನ್ನೆಲ್ಲ ಭಾಲ್ಕಿ ಸ್ಟೇಷನ್ನಿಗೆ ಮುಟ್ಟಿಸಿದವನು ಕಾಶೀರಾಮನೇ. ತನ್ನ ಗಿರಾಕಿಗಳನ್ನು ತಾನೇ ರೈಲು ಹತ್ತಿಸಿ, ಖಾಲಿ ಜೀಪಿನಲ್ಲಿ ಮನೆಗೆ ಬಂದ ಮೂಢ ವ್ಯಾಪಾರಿ ಜಗತ್ತಿನಲ್ಲಿ ಇವನೊಬ್ಬನೇ ಇರಬೇಕು! ಕಡೆಗೆ ಜೀಪು ಹತ್ತುವವರೇ ಇಲ್ಲವಾಗಿ ಅದು ಬೇವಿನ ಗಿಡದ ಕೆಳಗೆ ನಿಂತಿತು. ಅದರ ಬಾನೆಟ್ಟಿನ ಮೇಲೆ ಕೋಳಿಗಳು ಕೂರತೊಡಗಿದವು.

ಹೆಂಡತಿ ಕೇಶರಬಾಯಿಯ ತಮ್ಮ ಮಾಣಿಕ ಪುಣೆಯಲ್ಲಿ ಒಂದು ದೊಡ್ಡ ಕಟ್ಟಡದ ವಾಚಮನ್. ಅವನು ಫೋನಿನ ಮೇಲೆ ಫೋನು ಮಾಡಿ, "ಬರ್ರಿ ಭಾವಾ, ಇಲ್ಲಿ ನಿಮಗೂ ಒಂದು ವಾಚಮನ್ ಕೆಲಸ ಅದ" ಎಂದು ಕರೆಯುತ್ತಿದ್ದ. ಹೋಗಬಹುದಿತ್ತು. ಆದರೆ ಕೇಶರಬಾಯಿ ಬರುವ ಹಾಗಿರಲಿಲ್ಲ. ಆಕೆ ಸಾಲಿಯಲ್ಲಿ ಬಿಸಿಯೂಟ ಬೇಯಿಸುವವಳು. ಬರಗಾಲವೆಂದು ರಜೆಯಲ್ಲೂ ಊಟ ನಡೆದಿತ್ತು. ಅಪ್ಪ ಅವ್ವ ದುಡಿಯಲು ದೂರ ಹೋಗಿ, ಅಜ್ಜಿಯ ಹತ್ತಿರ ಉಳಿದ ಮಕ್ಕಳು ತಾಟು ಹಿಡಿದು ಸಾಲಾಗಿ ಕೂರುತ್ತಿದ್ದವು. ಅವನ್ನು ಬಿಟ್ಟು ಹೊರಡಲು ಆಕೆಯ ಕಾಲು ಏಳಲಿಲ್ಲ. ಹೋದರೆ ಕಾಶೀರಾಮ ಒಬ್ಬನೇ ಹೋಗಬೇಕು. ಇಬ್ಬರು ಹೆಣ್ಣುಮಕ್ಕಳ ಲಗ್ನ ಮಾಡಿಕೊಟ್ಟ ಮೇಲೆ ಆ ಮನೆಯಲ್ಲಿ ಒಬ್ಬರಿಗೊಬ್ಬರು ಅಂತ ಉಳಿದವರು ಅವರಿಬ್ಬರೇ. "ಹೋಗ್ರಿ, ನನಗೇನಾಗ್ತದ, ಗಟ್ಟಿ ಅದೇನಿ" ಎಂದು ಕೇಶರಬಾಯಿ ರೊಟ್ಟಿ ಬಡಿಯುತ್ತ ಅನ್ನುತ್ತಿದ್ದಳು. ಆ ಮಾತು ಕೇಳಿ ಕಾಶೀರಾಮ ಒಳಗೇ ನೊಂದುಕೊಳ್ಳುತ್ತಿದ್ದ. ಇಷ್ಟು ವರ್ಷ ಒಟ್ಟಿಗಿದ್ದವಳು ಇಷ್ಟು ಸಲೀಸಾಗಿ ಕಳಿಸುತ್ತಾಳಲ್ಲ ಎಂದು.

ಅಂಥ ಹೊತ್ತಿನಲ್ಲಿ ಭಾಲ್ಕಿಯ ಶಿವರಾಜಪ್ಪ ಸಾವುಕಾರರಿಂದ ಕರೆ ಬಂತು. ಬೇಳೆ ಮಿಲ್ಲಿನ ಧಣಿ. ಆ ವರ್ಷ ಬೇಳೆಗೆ ಬಂಗಾರದ ಬೆಲೆ. ಹರೆಯದಲ್ಲಿ ಮೋಟಾರ್ ಸೈಕಲ್ ಮೇಲೆ ಭಾಲ್ಕಿಯಲ್ಲೆಲ್ಲ ದೂಳೆಬ್ಬಿಸಿದ ಮನುಷ್ಯನಿಗೆ ಈಗ ಎರಡೂ ಮೊಣಕಾಲಿನ ಆಪರೇಷನ್ ಆಗಿತ್ತು. ಗಾಡಿ ಓಡಿಸಕೂಡದೆಂದು ಡಾಕ್ಟರು ಹೇಳಿದ್ದರು. ಹಾಗೆ ಹೇಳಿದ ತಿಂಗಳಲ್ಲೇ ಸಾವುಕಾರರು ಹೈದರಾಬಾದಿಗೆ ಹೋಗಿ ಕಣ್ಣು ಕುಕ್ಕುವ ಕೆಂಪು ಬಣ್ಣದ ಸಣ್ಣ ಕಾರೊಂದನ್ನು ತಂದುಬಿಟ್ಟರು. ಬರಗಾಲದಲ್ಲಿ ಕೆಂಪು ಕಾರು ತಂದವರನ್ನು ಊರು ಆಡಿಕೊಳ್ಳದೆ ಬಿಟ್ಟೀತೇ? ಅವರಿಗೂ ನಾಚಿಕೆಯಿತ್ತು. ಆದರೆ ಆಸೆ ನಾಚಿಕೆಗಿಂತ ದೊಡ್ಡದಿತ್ತು. ತಮಗೆ ಓಡಿಸಲಾಗದ್ದನ್ನು ತಮ್ಮ ಪಕ್ಕದಲ್ಲಿ ಕೂತು ಯಾರಾದರೂ ಓಡಿಸಬೇಕು, ಅದೂ ಗಾಳಿಯ ಹಾಗೆ ಓಡಿಸಬೇಕು. ಬಂದ ಹರೆಯದ ಡ್ರೈವರುಗಳೆಲ್ಲ ಒಂದು ಕೈಯಲ್ಲಿ ಮೊಬೈಲು ಹಿಡಿದವರು. ಹಾಗಾಗಿ ಹಳೆಯ ಕೈ ಬೇಕೆಂದು ಕಾಶೀರಾಮನಿಗೆ ಹೇಳಿಕಳಿಸಿದರು. ಭಾಲ್ಕಿಯಿಂದ ಬೀದರ, ಬೀದರದಿಂದ ಔರಾದ. ಆ ಹಾದಿಯಲ್ಲಿ ಅವನ ಕೈ ನೋಡಿ ಕೆಲಸ ಕೊಡುವುದು, ಇಲ್ಲವೇ ಬಿಡುವುದು.

ಭಾನುವಾರ ಗಂಡ ಹೆಂಡತಿ ಇಬ್ಬರೂ ಹೋದರು. ಹೆಂಡತಿಯನ್ನು ಕರೆದುಕೊಂಡು ಬಾ ಅಂದವರು ಸಾವುಕಾರರೇ.

"ಜೈಭೀಮರಿ ಸಾವುಕಾರ್ರ" ಎಂದ ಕಾಶೀರಾಮ.

"ಶರಣು ಬಾರಪಾ. ಬಾ ತಂಗಿ ಕೇಶರಬಾಯಿ. ಗಾಲಿ ಕೆಳಗ ನಿಂಬಿಹಣ್ಣು ಇಡೂದು ನಮ್ಮ ಬಸವಣ್ಣನವರ ಹಾದ್ಯಾಗಿಲ್ಲ. ಮಕ್ಕಳಿಗಿ ಅನ್ನ ಬೇಸೋ ದುಡಿಯೋ ಹೆಣ್ಮಗಳು ಮೊದಲು ಕುಂತ್ರ ಗಾಡಿಗಿ ಅದೇ ಪೂಜಿ. ಹತ್ತವಾ."

ಕೇಶರಬಾಯಿ ಸೆರಗು ಸರಿಮಾಡಿಕೊಂಡು ಹಿಂದಿನ ಸೀಟಿನಲ್ಲಿ ಕೂತಳು. ಕಾಶೀರಾಮ ಕೀಲಿ ಹಾಕುವ ತೂತು ಹುಡುಕಿದ. ಇರಲಿಲ್ಲ, ಗುಂಡಿ ಒತ್ತಬೇಕಂತೆ. ಒತ್ತಿದ ಕೂಡಲೇ ಗಾಡಿ ಹೊಟ್ಟೆಯೊಳಗಿಂದ ಗುರುಗುಟ್ಟಿತು. ಎರಡು ಬೆರಳಿಗೆ ಗೇರು ಬಿತ್ತು. ಊರ ಹೊರಗೆ ಬಂದ ಮೇಲೆ ಸಾವುಕಾರರು ಹೆಮ್ಮೆಯಿಂದ ಅಂದರು:

"ಇದರ ವಿಶೇಷ ಗೊತ್ತದೇನು? ನಾಲ್ಕೂ ಗಾಲಿ ಎಳೀತಾವ."

ಕಾಶೀರಾಮ ಗಾಬರಿಬಿದ್ದು ಎಡಗೈಯಿಂದ ಗೇರಿನ ಸುತ್ತ ತಡವಿದ. "ಮತ್ತ ಅದನ್ನ ತಗಿಯೋ ಹಿಡಿಕಿ ಎಲ್ಲದರಿ?"

"ತಗಿಯಾಂಗಿಲ್ಲ. ಯಾವಾಗಲೂ ಎಳೀತಾವ."

ಯಾವಾಗಲೂ! ಒಣ ಡಾಂಬರಿನ ಮೇಲೆ! ಉಸ್ತಾದರ ಕೈ ಇನ್ನೊಮ್ಮೆ ಬೆನ್ನ ಮೇಲೆ ಬಿದ್ದ ಹಾಗಾಯಿತು. ಬಾಯಿ ತೆರೆದು ಹೇಳಿದರೆ ಸಾವುಕಾರರ ಹೊಸ ಕಾರಿನಲ್ಲಿ ತಪ್ಪು ಹುಡುಕಿದ ಹಾಗೆ. ಸುಮ್ಮನಿದ್ದರೆ ಗೇರಿನ ಹಲ್ಲು ಪುಡಿಯಾಗುತ್ತವೆ. ಪಾಪದ ಮನುಷ್ಯ ತನಗೆ ತಿಳಿದ ಉಪಾಯ ಮಾಡಿದ. ಗಾಡಿಯನ್ನು ಮೆಲ್ಲಗೆ ರಸ್ತೆಯ ಅಂಚಿಗೆ ತಂದು, ಎಡಗಡೆಯ ಎರಡು ಗಾಲಿ ಕಚ್ಚಾ ಮಣ್ಣಿಗಿಳಿಸಿದ. ಮಣ್ಣಿನಲ್ಲಿ ಗಾಲಿ ಜಾರಿದರೆ ಗೇರಿಗೆ ಅಷ್ಟಾದರೂ ಉಸಿರು ಸಿಗಲಿ ಎಂದು.

ಹಲಬರ್ಗಾ ದಾಟಿದರೂ ಸಾವುಕಾರರು ತಡೆದುಕೊಂಡರು. ದೂಳು ಕೆಂಪು ಕಾರನ್ನು ಮಣ್ಣು ಬಣ್ಣ ಮಾಡಿತು. ಎಮ್ಮೆ ಮೇಯಿಸುತ್ತಿದ್ದ ಮುದುಕ ನಿಂತು ನೋಡಿ ನಕ್ಕ. ಬೀದರು ಮುಟ್ಟಿ, ಊರ ರಸ್ತೆಗಳಲ್ಲಿ ಆಟೋಗಳ ಹಿಂದೆ ತೆವಳಿ, ಔರಾದ ರಸ್ತೆ ಹಿಡಿದು ಜನವಾಡಾ ದಾಟಿದ ಮೇಲೆ ಮತ್ತೆ ಮಣ್ಣಿಗಿಳಿದಾಗ ಅವರ ತಾಳ್ಮೆ ತಪ್ಪಿತು.

"ಏ ಕಾಶೀರಾಮ, ಇಷ್ಟು ಅಗಲ ರಸ್ತಾ ಬಿಟ್ಟು ತಗ್ಗಿಗ್ಯಾಕ ಇಳಸ್ತಿ?"

ಆಗ ಅವನು ಎಲ್ಲ ಹೇಳಿದ. ಗಿಡ್ಡ ಹಿಡಿಕೆ, ಗೇರಿನ ಹಲ್ಲು, ಉಸ್ತಾದರ ಕೈ. ಸಾವುಕಾರರು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. "ಅದು ಜೀಪಿನ ಕಥಿ, ಮಾರಾಯಾ! ಇದು ಯಾವ ಗಾಲಿಗಿ ಎಷ್ಟು ಜೋರ ಬೇಕೋ ತಾನೇ ಹಂಚತದ. ಛಲೋ ಎತ್ತಿನ ಜೋಡಿ ಇದ್ದಂಗ, ಒಂದು ಸುಸ್ತಾದ್ರ ಇನ್ನೊಂದು ಎಳೀತದ. ಹೆದರಬ್ಯಾಡ, ಮ್ಯಾಲ ತಗೋ."

ಕಾಶೀರಾಮ ಡಾಂಬರಿಗೆ ಬಂದ. ನಂಬಿಕೆ ಮಾತ್ರ ಪೂರಾ ಬರಲಿಲ್ಲ. ಆಸೆ ಹಚ್ಚಿಕೊಂಡು ಕೂತ ಸಾವುಕಾರರು "ಜರಾ ಜೋರ" ಅಂದರೆ ಜರಾ ಮಾತ್ರ ಜೋರು, ಮರುಕ್ಷಣ ಮತ್ತೆ ಜೀಪಿನ ನಡಿಗೆ. ಮಾಂಜ್ರಾ ನದಿಯ ಕೌಠಾ ಸೇತುವೆ ಬಂತು. ಕೆಳಗೆ ನೀರಿಲ್ಲ, ಬರೀ ಮರಳು ಮತ್ತು ಒಣಗಿದ ಜೇಕು ಹುಲ್ಲು. ಸೇತುವೆ ದಾಟಿದ ಮೇಲೆ ಸಾವುಕಾರರು ಗಾಡಿ ನಿಲ್ಲಿಸಲು ಹೇಳಿದರು. ಈಗ ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು.

"ನೀ ಭಾಳ ಒಳ್ಳೇ ಡ್ರೈವರ್ ಇದ್ದಿ, ಕಾಶೀರಾಮ. ಆದರ ನನಗ ಬೇಕಾದಂವ ನೀ ಅಲ್ಲ. ಹಿಂಗ ಹೋಗಲಾಕ ನನಗ ಎತ್ತಿನ ಬಂಡಿ ಸಾಕಿತ್ತು. ಹೊಳ್ಳಿಸು, ಮನಿಗಿ ಹೋಗೂಣು."

ಕೆಲಸ ಹೋಯಿತು. ಇನ್ನು ಪುಣೆ. ಯಾರದೋ ಕಟ್ಟಡದ ಗೇಟು, ಮೆಟ್ಟಿಲ ಕೆಳಗಿನ ಕೋಣೆ, ಒಬ್ಬನೇ ತಟ್ಟಿಕೊಳ್ಳುವ ರೊಟ್ಟಿ. ಹೇಳಬಾರದೆಂದು ಇಷ್ಟು ಹೊತ್ತು ತಡೆದಿದ್ದ ಮಾತು ಕಾಶೀರಾಮನ ಬಾಯಿಗೆ ಬಂತು.

"ನಂಗ ಜೋರ ಹೊಡೀಲಾಕ ಬರಾಂಗಿಲ್ಲಂತಲ್ಲರಿ. ಹಿಂದ ಮನ್ಯಾಕಿ ಕುಂತಾಳ. ಆಕಿಗಿ ಜೋರ ಅಂದ್ರ ಅಂಜಿಕಿ."

"ಯಾರು ಹೇಳ್ಯಾರ ನಿಮಗ?" ಹಿಂದಿನಿಂದ ದನಿ ಬಂತು.

ಕಾಶೀರಾಮ ತಿರುಗಿ ನೋಡಿದ. "ಯಾರ್ಯಾಕ ಹೇಳಬೇಕು? ಲಗ್ನದ ಮರುದಿನ ಕಮಠಾಣದಿಂದ ನಿನ್ನ ಕರಕೊಂಡು ಬಂದಾಗ ನಾ ಉಸ್ತಾದರ ಜೀಪು ಜೋರ ಹೊಡದೆ. ನೀ ಹಾದಿ ತುಂಬ ಅತ್ತಿ. ಅವತ್ತೇ ನಾ ಆಣಿ ಮಾಡೀನಿ."

ಕೇಶರಬಾಯಿ ಹಣೆ ಬಡಿದುಕೊಂಡಳು. "ಅಯ್ಯ ನನ್ನ ಕರ್ಮಾ! ನಾ ಅವ್ವನ ನೆನಸಿ ಅತ್ತೇನ್ರಿ. ತವರುಮನಿ ಬಿಟ್ಟು ಬರೋ ಹುಡಗಿ ನಗ್ತಾಳೇನು? ಗಾಡಿ ಓಡಿದ್ದು ಭಾಳ ಚಂದಿತ್ತು. ಎಂದಾದ್ರೂ ಮತ್ತೊಮ್ಮೆ ಹಂಗ ಓಡಸ್ತಾರ ಅಂತ ನೋಡೇ ನೋಡಿದೆ. ಈ ಗಂಡಸಿಗಿ ಕೈಯಾಗ ಶಕ್ತಿಯಿಲ್ಲ ಅಂತ ಸುಮ್ಮನಾದೆ."

ಸಾವುಕಾರರು ಹುಬ್ಬೇರಿಸಿ ಒಬ್ಬರ ಮುಖ ಬಿಟ್ಟು ಇನ್ನೊಬ್ಬರ ಮುಖ ನೋಡಿದರು. ಭಾಲ್ಕಿ ತಾಲ್ಲೂಕಿನ ಬಸುರಿಯರೆಲ್ಲ ಹರಸಿದ ಆ ಮೆತ್ತನೆಯ ಕೈಯ ಹಿಂದೆ ಇದ್ದದ್ದು ಇಂಥದೊಂದು ತಪ್ಪು ತಿಳಿವಳಿಕೆ! ಆಗಲಿ, ಆ ತಪ್ಪಿನಿಂದ ಕೆಟ್ಟದ್ದೇನೂ ಆಗಲಿಲ್ಲ.

"ಹೊಳ್ಳಿಸಬ್ಯಾಡ್ರಿ" ಎಂದಳು ಕೇಶರಬಾಯಿ. "ಸಾವುಕಾರ್ರ, ಔರಾದ ತನಕ ಒಂದು ಸಲ ನೋಡ್ರಿ. ಆಮ್ಯಾಲ ನಿಮ್ಮ ಮನಸ್ಸು."

ಕಾಶೀರಾಮ ಗೇರು ಹಾಕಿದ. ಎದುರಿಗೆ ಸಂತಪುರದ ಕಡೆಯ ನೇರ ರಸ್ತೆ, ಎರಡೂ ಕಡೆ ಬಿತ್ತದೆ ಬಿಟ್ಟ ಕರಿಹೊಲ. ಕಾಲು ಒತ್ತಿದ. ಯಾರೋ ಬೆನ್ನಿಗೆ ಕೈಕೊಟ್ಟು ನೂಕಿದ ಹಾಗೆ ಗಾಡಿ ಚಿಮ್ಮಿತು. ಮೂರನೆಯ ಗೇರು, ನಾಲ್ಕನೆಯದು. ಜೀಪಾದರೆ ಈ ವೇಗಕ್ಕೆ ಬಾಗಿಲು ಬಡಿದುಕೊಂಡು ಸ್ಟೇರಿಂಗ್ ಕೈಯಲ್ಲಿ ಕುಣಿಯಬೇಕಿತ್ತು. ಇಲ್ಲಿ ವೇಗ ಏರಿದಷ್ಟೂ ಗಾಡಿ ನೆಲ ಹಿಡಿದು ಕೂರುತ್ತಿತ್ತು. ಬೆರಳಿನಿಂದ ಕೇಳಿದರೆ ಸಾಕು, ಅತ್ತ ತಿರುಗುತ್ತಿತ್ತು. ಒಂದು ತಿರುವಿನಲ್ಲಿ ರಸ್ತೆ ರಿಪೇರಿಯವರು ಹರಡಿ ಹೋದ ಖಡಿಕಲ್ಲು ಫಕ್ಕನೆ ಎದುರಾಯಿತು. ಕಾಶೀರಾಮ ಬ್ರೇಕು ಸ್ವಲ್ಪ ಮುಟ್ಟಿ ತಿರುಗಿಸಿದ. ಹಿಂಭಾಗ ಒಂದು ಗಳಿಗೆ ಜಾರಿತು. ಅಷ್ಟರಲ್ಲಿ ಮುಂದಿನ ಗಾಲಿಗಳು ನೆಲ ಕಚ್ಚಿ ಎಳೆದವು, ಗಾಡಿ ನೆಟ್ಟಗಾಗಿ ತಿರುವಿನಾಚೆ ಹೊರಬಂತು. ಸಾವುಕಾರರ ಮಾತಿನಿಂದ ತಲೆಗೆ ಹತ್ತದ್ದು ಈಗ ಅಂಗೈಗೆ ಹತ್ತಿತು. ಓಹೋ, ಇದಾ ಎಂದುಕೊಂಡ. ಅವನಿಗೆ ಗೊತ್ತಿಲ್ಲದೆ ಬಾಯಿಂದ ಒಂದು ಸೀಟಿ ಹೊರಟಿತು. ಹಿಂದೆ ಕೇಶರಬಾಯಿ ಕಿಟಕಿಯ ಗಾಜಿಳಿಸಿ, ಸೆರಗು ಹಾರಿದರೂ ಬಿಟ್ಟು, ಹುಡುಗಿಯ ಹಾಗೆ ನಗುತ್ತಿದ್ದಳು.

ಔರಾದಿನ ಚಹಾದಂಗಡಿಯ ಮುಂದೆ ನಿಂತಾಗ ಸಾವುಕಾರರು ಬಾಗಿಲು ಹಿಡಿದು ನಿಧಾನ ಇಳಿದರು. ಮುಖ ಅರಳಿತ್ತು. "ನಾಳಿಂದ ಬಾ" ಎಂದರು. "ದಿನಾ ಇಷ್ಟು ಜೋರ ಬ್ಯಾಡಪಾ. ವಾರಕ್ಕೊಮ್ಮಿ ಸಾಕು, ಎದಿ ತಡಕೋಬೇಕಲ್ಲ."

"ಇವರಿಗಿ ಸಂಜಿಗಿ ಮನಿಗಿ ಬಿಡ್ತೀರೇನ್ರಿ?" ಕೇಶರಬಾಯಿ ಕೇಳಿದಳು.

"ಬಿಡ್ತೇನಿ ತಂಗಿ. ದಿನಾ."

ಕಾಶೀರಾಮ ಅಲ್ಲೇ ನಿಂತು ಪುಣೆಗೆ ಫೋನು ಹಚ್ಚಿದ. "ಮಾಣಿಕ, ನಾ ಬರಾಂಗಿಲ್ಲಪಾ. ಇಲ್ಲೇ ಕೆಲಸ ಸಿಕ್ತು. ನಿಮ್ಮ ಅಕ್ಕ ಏನೋ ಹೋಗ್ರಿ ಹೋಗ್ರಿ ಅಂತಿದ್ದಳು, ಆಕಿಗೇನು..."

ಕೇಶರಬಾಯಿ ಫೋನು ಕಸಿದುಕೊಂಡಳು. "ಏ ಮಾಣಿಕ, ಕೇಳಿಲ್ಲಿ. ಕೆಲಸ ಸಿಗದಿದ್ರೂ ನಾ ಇವರಿಗಿ ಕಳಸ್ತಿದ್ದಿಲ್ಲ. ಬಾಯಿಲೆ ಹೋಗ್ರಿ ಅಂದೆ. ಇವರಿಗಿ ನಿದ್ದಿ ಹತ್ತಿದ ಮ್ಯಾಲ ಗ್ವಾಡಿ ಕಡಿ ಮುಖ ಮಾಡಿ ಅಳ್ತಿದ್ದೆ." ಅಷ್ಟು ಹೇಳಿ ಫೋನು ಗಂಡನ ಕೈಗಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡಳು.

ಆಕೆ ಒಂದು ಮೊಳ ದೂರದಲ್ಲಿ ನಿಂತಿದ್ದಳು. ಆಕೆಯ ಕಡೆ ನೋಡಲಾಗದೆ ಅವನು ಫೋನಿಗೇ ಹೇಳಿದ:

"ಮಾಣಿಕ, ನನಗ ನಿದ್ದಿ ಹತ್ತಿರತಿದ್ದಿಲ್ಲ ಅಂತ ನಿಮ್ಮ ಅಕ್ಕಗ ಹೇಳು."